ನೆಲನೆಲ್ಲಿ ಕಷಾಯ: ತೋಟದ್ದು ಬೇಡ, ಅಂಗಳದ್ದು ಕೀಳಿ

ಶಿರಸಿ ಕಡೆ ಮಳೆ ಹಿಡಿದರೆ ಅಂಗಳದ ಅಂಚಲ್ಲಿ ನೆಲನೆಲ್ಲಿ ತಾನಾಗಿ ಏಳುತ್ತದೆ. ಕಾಮಾಲೆ ಎಂದರೆ ನಮ್ಮಲ್ಲಿ ಮೊದಲು ನೆನಪಾಗುವ ಗಿಡ ಇದೇ ಅಲ್ವಾ? ಕಷಾಯ ಕುದಿಸುವುದು ಸುಲಭ. ಗಿಡ ಆರಿಸುವಾಗಲೇ ಜಾಸ್ತಿ ಎಚ್ಚರ ಬೇಕು.

ಮೊದಲು ಗುರುತು ಹಿಡಿಯಿರಿ. ಗೇಣುದ್ದದ ಗಿಡ, ಹುಣಸೆ ಎಲೆಯಂಥ ಎಲೆ. ಕಡ್ಡಿ ಮಗುಚಿ ನೋಡಿ. ಅಡಿಯಲ್ಲಿ ನುಣುಪಾದ ಹಸಿರು ಕಾಯಿಗಳು ಪುಟ್ಟ ತೊಟ್ಟಿನಲ್ಲಿ ಸಾಲಾಗಿ ತೂಗುತ್ತಿರಬೇಕು. ಕಾಂಡ ಕೆಂಪಗಿದ್ದು, ಒರಟು ಕಾಯಿ ಕಡ್ಡಿಗೇ ಅಂಟಿಕೊಂಡಿದ್ದರೆ ಅದು ಬೇರೆ ಜಾತಿ, ಬಿಡಿ.

ಅಡಿಕೆ ಮರದ ಬುಡದಿಂದ ಮಾತ್ರ ಕೀಳಲೇಬೇಡಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದಾಗ ಅಡಿಕೆ ಗೊನೆಯಿಂದ ತೊಟ್ಟಿಕ್ಕುವುದೆಲ್ಲ ಈ ಗಿಡದ ಮೇಲೇ ಬೀಳುತ್ತದೆ. ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ದೇಹದಲ್ಲಿ ತಾಮ್ರ ಮಿತಿಮೀರಿದರೆ ಪೆಟ್ಟು ಬೀಳುವುದು ಲಿವರ್‌ಗೇ. ತೊಳೆದರೆ ಹೋಗುತ್ತದೆ ಎಂದು ನಂಬಿ ಕೂರಬೇಡಿ. ಕಳೆನಾಶಕ ಹೊಡೆದ ರಸ್ತೆ ಬದಿಯದ್ದೂ ಬೇಡ.

ಬೇರುಸಹಿತ ಕಿತ್ತು, ಮಣ್ಣು ಬಿಡುವವರೆಗೆ ತೊಳೆದು ನೆರಳಲ್ಲಿ ಒಣಗಿಸಿ. 10 ಗ್ರಾಂ ಗಿಡವನ್ನು ಜಜ್ಜಿ 160 ಮಿಲಿ ನೀರಿಗೆ ಹಾಕಿ. ಸ್ಟೀಲ್ ಪಾತ್ರೆ, ಸಣ್ಣ ಉರಿ, ಮುಚ್ಚಳ ಬೇಡ. 40 ಮಿಲಿಗೆ ಇಳಿದ ಮೇಲೆ ಸೋಸಿ. ಅಂದಿನದ್ದು ಅಂದೇ ಮುಗಿಯಬೇಕು. ಎಷ್ಟು ದಿನ ಕುಡಿಯಬೇಕು ಎಂಬುದನ್ನು ವೈದ್ಯರೇ ಹೇಳಲಿ. ಸಕ್ಕರೆ ಕಾಯಿಲೆಯ ಮಾತ್ರೆ ತಿನ್ನುವವರು, ಗರ್ಭಿಣಿಯರು ಕೇಳದೆ ಕುಡಿಯಬಾರದು.

ಈಗ ಔಷಧಿ ಎಂದು ಮಾರುವ ರೀಶಿ ಅಣಬೆಯ ಡಬ್ಬಿಗಳೂ ಬಂದಿವೆ. ಅಡಿಕೆಗೆ ಅಣಬೆ ರೋಗ ತರುವ ಗ್ಯಾನೋಡರ್ಮಾ ಕುಲದ್ದೇ ಇದು. ಹಾಗಂತ ತೋಟದ ಅಣಬೆ ತಂದು ಕುದಿಸಬೇಡಿ. ಅದು ಯಾವ ಜಾತಿ, ಮರಕ್ಕೆ ಯಾವ ಔಷಧಿ ಹಾಕಿದ್ದರು ಎಂದು ನೋಡಿ ಹೇಳಲಾಗದು. ರೀಶಿಯಲ್ಲಿರುವ ಬೀಟಾ ಗ್ಲೂಕನ್ ಎಂಬ ನಾರಿನಂಶ ಬಿಸಿನೀರಿಗೆ ಇಳಿಯುತ್ತದೆ, ಟ್ರೈಟರ್ಪೀನ್ ಎಂಬ ಕಹಿ ಅಂಶ ಇಳಿಯಲು ಮದ್ಯಸಾರ ಬೇಕು. ರಕ್ತನಾಳಕ್ಕೆ ಒಳ್ಳೆಯದು ಎಂದು ಮಾರುತ್ತಾರೆ. ಆದರೆ ಮಧುಮೇಹಿಗಳ ಮೇಲಿನ ಪ್ರಯೋಗಗಳನ್ನು ಒಟ್ಟಿಗೆ ನೋಡಿದ ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಸಂಸ್ಥೆಯ 2015ರ ಪರಿಶೀಲನೆಗೆ ಅಂಥ ಲಾಭದ ಆಧಾರ ಸಿಕ್ಕಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಆಸ್ಪಿರಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ರೀಶಿ ರಕ್ತಸ್ರಾವದ ಅಪಾಯ ಹೆಚ್ಚಿಸಬಹುದು. ಇದರ ಪುಡಿ ತಿಂದು ಲಿವರ್ ಕೆಟ್ಟ ಪ್ರಕರಣಗಳೂ ವರದಿಯಾಗಿವೆ.

ಕಣ್ಣು ಹಳದಿಯಾಗಿದ್ದರೆ ಕಷಾಯಕ್ಕೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಕಾರಣ ಹೆಪಟೈಟಿಸ್ ಇರಬಹುದು, ಪಿತ್ತನಾಳದ ಕಲ್ಲಿರಬಹುದು, ಇಲಿಜ್ವರವೂ ಇರಬಹುದು.

ಆರೋಗ್ಯವಾಗಿರುವವರಿಗೆ ಕಷಾಯಕ್ಕಿಂತ ತಂಬುಳಿಯೇ ಸಾಕು. ಒಂದು ಹಿಡಿ ನೆಲನೆಲ್ಲಿಯ ಎಳೆ ಸೊಪ್ಪು, ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಜೊತೆ ರುಬ್ಬಿ, ಮಜ್ಜಿಗೆ ಬೆರೆಸಿ ಅನ್ನಕ್ಕೆ ಕಲಸಿ.