ದಾಲ್‌ಮಿಲ್ಲಿನ ನಾಲ್ಕು ಫೋನುಗಳಿಗೆ ಒಂದೇ ಮೇಲ್: ನನ್ನ ಅನುಭವ

ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಮೊಬೈಲ್ ರಿಪೇರಿ ಮಾಡುವ ನನಗೆ ಕಳೆದ ತೊಗರಿ ಸುಗ್ಗಿಯಲ್ಲಿ ಕಪನೂರಿನ ಒಂದು ದಾಲ್‌ಮಿಲ್ಲಿನಿಂದ ಕರೆ ಬಂತು. ಮಿಲ್ಲಿನ ಹೆಸರಿನದೇ ಡೊಮೇನ್ (ಇಂಟರ್‌ನೆಟ್ಟಿನಲ್ಲಿ ಸ್ವಂತ ಹೆಸರಿನ ವಿಳಾಸ) ಇತ್ತು; ಸಾಹುಕಾರರು, ಅವರ ಮಗ, ಮುನೀಮರು ಮತ್ತು ತೂಕದ ಗುಮಾಸ್ತ, ಈ ನಾಲ್ವರ ಫೋನಿನಲ್ಲೂ ಒಂದೇ ಮೇಲ್ ಖಾತೆ ನಡೆಯಬೇಕಿತ್ತು. "ತಮ್ಮಾ, ಮುಂಜಾನೆ ಕಂಡ ಮೇಲ್ ಮಧ್ಯಾಹ್ನಕ್ಕ ಇರಂಗಿಲ್ಲ" ಎಂದು ಸಾಹುಕಾರರು ಫೋನನ್ನು ನನ್ನ ಮುಂದಿಟ್ಟರು.

ನಮ್ಮ ಸಾಲಿನ ಅಂಗಡಿಯವರೆಲ್ಲ ಜಿಮೇಲಿಗೆ ಫಾರ್ವರ್ಡ್ ಮಾಡಿ ಕೈತೊಳೆದುಕೋ ಎಂದರು. ಅದನ್ನೂ ಸುಮಾರು ಹತ್ತು ದಿನ ಮಾಡಿ ನೋಡಿದೆ. ದಾರಿ ಬದಲಿಸಿ ಬರುವ ಪತ್ರ, ಕಳಿಸಿದ ಸರ್ವರಿಗೆ ಆ ಡೊಮೇನಿನ ಅನುಮತಿ ಇದೆಯೇ ಎಂದು ನೋಡುವ ಎಸ್‌ಪಿಎಫ್ ತಪಾಸಣೆಯಲ್ಲಿ ಸೋಲುವುದರಿಂದ ಕೆಲವು ಖರೀದಿದಾರರ ಪತ್ರಗಳು ಸ್ಪ್ಯಾಮಿಗೆ ಬಿದ್ದವು. ಮುನೀಮರ ಉತ್ತರಗಳು ಮಿಲ್ಲಿನ ವಿಳಾಸದ ಬದಲು ಅವರ ಸ್ವಂತ ವಿಳಾಸದಿಂದ ಹೋದವು.

ಮೇಲ್ ಮಾಯವಾಗುತ್ತಿದ್ದುದಕ್ಕೆ ಫೋನನ್ನೇ ಬೈಯುತ್ತ ಎರಡು ದಿನ ಕಳೆದೆ, ಆಪನ್ನು ಮೂರು ಸಲ ತೆಗೆದು ಹಾಕಿದೆ. ಕಳ್ಳ ಕುಳಿತಿದ್ದದ್ದು ಆಫೀಸಿನ ಹಳೆಯ ಕಂಪ್ಯೂಟರಿನಲ್ಲಿ. ಅಲ್ಲಿ ಖಾತೆಯನ್ನು ಪಾಪ್ (ಪತ್ರಗಳನ್ನು ಸರ್ವರಿನಿಂದ ಯಂತ್ರಕ್ಕೆ ಇಳಿಸಿಕೊಳ್ಳುವ ವಿಧಾನ) ಆಗಿ ಜೋಡಿಸಿ, ಸರ್ವರಿನಲ್ಲಿ ಪ್ರತಿ ಉಳಿಸುವ ಗುರುತನ್ನು ಯಾರೋ ತೆಗೆದಿದ್ದರು. ಗುಮಾಸ್ತ ಹತ್ತು ಗಂಟೆಗೆ ಕಂಪ್ಯೂಟರ್ ಹಚ್ಚಿದೊಡನೆ ಇನ್‌ಬಾಕ್ಸ್ ಪೂರ್ತಿ ಅದರೊಳಗೆ ಇಳಿದು, ಫೋನುಗಳಲ್ಲಿ ಖಾಲಿಯಾಗುತ್ತಿತ್ತು. ಹಳೆಯ ಪತ್ರಗಳ ಪ್ರತಿಯನ್ನು ಪೆನ್‌ಡ್ರೈವಿಗೆ ತೆಗೆದು, ಕಂಪ್ಯೂಟರ್ ಸೇರಿ ಐದೂ ಕಡೆ ಐಮ್ಯಾಪ್ (ಪತ್ರ ಸರ್ವರಿನಲ್ಲೇ ಉಳಿದು ಎಲ್ಲ ಕಡೆ ಒಂದೇ ರೀತಿ ಕಾಣುವ ವಿಧಾನ), ಪೋರ್ಟ್ ನಂಬರ್ 993, ಸಂಪರ್ಕದ ಭದ್ರತೆಗೆ ಎಸ್‌ಎಸ್‌ಎಲ್ ಎಂದು ಹಾಕಿದೆ.

ಬರುವುದು ಸರಿಹೋಯಿತು, ಹೋಗುವುದು ನಿಂತಿತು. ತಪ್ಪು ನನ್ನದೇ: ಕಳಿಸುವ ಪೋರ್ಟ್ 587ಕ್ಕೆ ಸ್ಟಾರ್ಟ್‌ಟಿಎಲ್‌ಎಸ್ ಎಂಬ ಇನ್ನೊಂದು ಬಗೆಯ ಭದ್ರತೆ ಬೇಕು, 465ಕ್ಕೆ ಎಸ್‌ಎಸ್‌ಎಲ್, ನಾನು 587ರ ಎದುರು ಎಸ್‌ಎಸ್‌ಎಲ್ ಒತ್ತಿ, ಚಕ್ರ ತಿರುಗುವುದನ್ನು ಮಿಲ್ಲಿನ ಧೂಳಿನಲ್ಲಿ ಅರ್ಧ ಗಂಟೆ ನೋಡುತ್ತ ಕುಳಿತಿದ್ದೆ. ಸರ್ವರಿನ ಗುರುತು ಹೇಳುವ ಪ್ರಮಾಣಪತ್ರ ಹೊಂದುತ್ತಿಲ್ಲ ಎಂಬ ಎಚ್ಚರಿಕೆ ಬಂದಾಗ ಒಂದು ಫೋನಿನಲ್ಲಿ 'ಎಲ್ಲವನ್ನೂ ಒಪ್ಪು' ಎಂದು ಹಾಕಿದ್ದೂ ನಿಜ, ನಾಚಿಕೆಯಾಗುತ್ತದೆ. ಒಂದೇ ಸರ್ವರಿನಲ್ಲಿ ಹಲವರ ಡೊಮೇನು ಇರುವ ಹಂಚಿಕೆಯ ಹೋಸ್ಟಿಂಗ್ ಆದ್ದರಿಂದ, ಮಿಲ್ಲಿನ ಡೊಮೇನಿನ ಬದಲು ಪ್ರಮಾಣಪತ್ರದಲ್ಲಿರುವ ಸರ್ವರಿನ ಹೆಸರನ್ನೇ ಬರೆದ ಮೇಲೆ ಎಚ್ಚರಿಕೆ ತಾನಾಗಿ ಹೋಯಿತು.

ಹೆಚ್ಚು ದುಬಾರಿಯಾದದ್ದು 'ಸೆಂಟ್' ಫೋಲ್ಡರು. ಸಾಹುಕಾರರ ಫೋನು ಕಳಿಸಿದ ಪತ್ರವನ್ನು ಒಂದು ಫೋಲ್ಡರಿನಲ್ಲಿ, ಮುನೀಮರದು ಇನ್ನೊಂದರಲ್ಲಿ ಇಡುತ್ತಿದ್ದುದರಿಂದ ಒಬ್ಬರು ಕೊಟ್ಟ ದರ ಇನ್ನೊಬ್ಬರಿಗೆ ಕಾಣದೆ, ಒಬ್ಬನೇ ಗಿರಾಕಿಗೆ ಎರಡು ದರ ಹೋಯಿತು. ಕ್ವಿಂಟಲಿಗೆ ನೂರು ರೂಪಾಯಿ ವ್ಯತ್ಯಾಸ, ಅರವತ್ತರ ಆಸುಪಾಸು ಕ್ವಿಂಟಲ್ ಬೇಳೆ. ಗಿರಾಕಿ ಕಡಿಮೆ ದರವನ್ನೇ ಹಿಡಿದು ಕುಳಿತಾಗ ಆರು ಸಾವಿರ ಹೋಯಿತು, ಬೈಗುಳ ನನಗೆ ಬಂತು. ಆಮೇಲೆ ಪ್ರತಿ ಫೋನಿನಲ್ಲೂ ಸೆಂಟ್, ಡ್ರಾಫ್ಟ್, ಟ್ರ್ಯಾಷ್ ಮೂರನ್ನೂ ಸರ್ವರಿನ ಅದೇ ಫೋಲ್ಡರುಗಳಿಗೆ ಕೈಯಿಂದ ಜೋಡಿಸಿದೆ.

ಗುಪ್ತಪದ ಬದಲಿಸಿದ ದಿನ ಮತ್ತೊಂದು ಪೇಚು. ಮಿಲ್ಲಿನ ವೈಫೈಯಲ್ಲಿದ್ದ ಫೋನುಗಳು ಹಳೆಯ ಗುಪ್ತಪದದಿಂದಲೇ ಬಾಗಿಲು ಬಡಿದು, ಸರ್ವರ್ ಮಿಲ್ಲಿನ ಐಪಿಯನ್ನೇ (ಇಂಟರ್‌ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ತಡೆದುಬಿಟ್ಟಿತು. ಮೊಬೈಲ್ ಡೇಟಾದಲ್ಲಿ ಎಲ್ಲ ಸರಿ, ವೈಫೈಯಲ್ಲಿ ಏನೂ ಇಲ್ಲ. ಇದಾಗದಂತೆ ಗುಪ್ತಪದ ಬದಲಿಸುವ ಒಂದು ಕ್ರಮವನ್ನು ಕಂಡುಕೊಂಡಿದ್ದೇನೆ, ಆದರೆ ಅದು ನನ್ನ ಹೊಟ್ಟೆಪಾಡು, ಇಲ್ಲಿ ಹೇಳುವುದಿಲ್ಲ. ಮುನೀಮರ ಸ್ವಂತ ಜಿಮೇಲನ್ನೂ ಅದೇ ಆಪಿಗೆ ಸೇರಿಸಿದೆ. ಇಂಥ ಹೊರಗಿನ ಆಪುಗಳಲ್ಲಿ ಜಿಮೇಲಿನ ಸಾದಾ ಗುಪ್ತಪದ 2022ರ ಮೇ ಕೊನೆಯಿಂದ ನಡೆಯದ ಕಾರಣ ಎರಡು ಹಂತದ ದೃಢೀಕರಣ ಹಚ್ಚಿ, ಆಪಿಗೆಂದೇ ಗೂಗಲ್ ಕೊಡುವ 16 ಅಕ್ಷರದ ಆಪ್ ಪಾಸ್‌ವರ್ಡ್ ಪಡೆಯಬೇಕಾಯಿತು.

ಕುತೂಹಲಕ್ಕೆ ಒಂದೇ ಮಾದರಿಯ ಎರಡು ಫೋನುಗಳಲ್ಲಿ, ಒಂದಕ್ಕೆ ಪುಶ್ (ಪತ್ರ ಬಂದೊಡನೆ ಫೋನಿಗೆ ತಿಳಿಯುವ ವ್ಯವಸ್ಥೆ), ಇನ್ನೊಂದಕ್ಕೆ ಹದಿನೈದು ನಿಮಿಷಕ್ಕೊಮ್ಮೆ ತಪಾಸಣೆ ಇಟ್ಟು ಒಂದು ವಾರ ನೋಡಿದೆ. ಬ್ಯಾಟರಿಯಲ್ಲಿ ದಿನಕ್ಕೆ ನಾಲ್ಕೈದು ಶೇಕಡದಷ್ಟೇ ವ್ಯತ್ಯಾಸ ಕಂಡದ್ದರಿಂದ ಪುಶ್ಶನ್ನೇ ಉಳಿಸಿ, ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಆಪನ್ನು ಹೊರಗಿಟ್ಟೆ.

ಒಟ್ಟು ಕೂಲಿ ಎರಡೂವರೆ ಸಾವಿರ ಸಿಕ್ಕಿತು, ಓಡಾಟಕ್ಕೆ ಪೆಟ್ರೋಲು ಐನೂರರಷ್ಟು ಹೋಯಿತು. ಇದು ನಡೆಯುವುದಿಲ್ಲ, ದುಡ್ಡು ಕೊಟ್ಟು ದೊಡ್ಡ ಸೇವೆ ತಗೊಳ್ಳಿರಿ ಎಂದಿದ್ದ ಸಾಹುಕಾರರ ಅಳಿಯನೇ ಮೊನ್ನೆ ಶಹಾಪುರದಿಂದ ಫೋನ್ ಮಾಡಿ, ತನ್ನ ಹತ್ತಿ ಜಿನ್ನಿಂಗ್ ಮಿಲ್ಲಿಗೂ ಹೀಗೇ ಮಾಡಬೇಕು, ಪೋರ್ಟ್ ನಂಬರ್ ಹೇಳು ಎಂದ. ಬಸ್ ಖರ್ಚು ಕೊಟ್ಟರೆ ಬಂದೇ ಮಾಡುತ್ತೇನೆ ಎಂದೆ.