ಮೂರನೇ ವಾರದ ಕಸಿ

ಗಂಟು ಕೈಗೆ ಸಿಕ್ಕಿದ್ದು 2018ರ ಮಾರ್ಚ್‌ನಲ್ಲಿ. ಮನೆ ತುಂಬ ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಯ ಪರಿಮಳದ ಮಾವಿನ ಮಿಡಿ, ಉಪ್ಪಿಗೆ ಹಾಕುವ ಗಡಿಬಿಡಿ. ಸ್ನಾನ ಮಾಡುವಾಗ ಎಡ ಎದೆಯ ಪಕ್ಕದಲ್ಲಿ ಎಳೆ ಅಡಿಕೆಯಷ್ಟು ದೊಡ್ಡದೇನೋ ಗಟ್ಟಿಯಾಗಿ ತಾಗಿತು. ನೋವಿರಲಿಲ್ಲ. ನೋವಿಲ್ಲ ಅಂತಲೇ ಹದಿನೈದು ದಿನ ಸುಮ್ಮನಿದ್ದೆ. ಇದನ್ನು ಓದುವ ಹೆಂಗಸರು ಹಾಗೆ ಸುಮ್ಮನಿರಬೇಡಿ. ನೋವಿಲ್ಲದ ಗಂಟನ್ನೂ ಕೂಡಲೇ ತೋರಿಸಿ.

ಸ್ತನ ಕ್ಯಾನ್ಸರ್ ಅಂತ ಗೊತ್ತಾಗಿ ಏಪ್ರಿಲ್‌ನಲ್ಲಿ ಆಪರೇಷನ್ ಆಯಿತು. ಸ್ತನದ ಜೊತೆಗೆ ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಮುಂದೆ ಕೀಮೋ. 21 ದಿನಕ್ಕೊಂದರಂತೆ ನಾಲ್ಕು, ಆಮೇಲೆ ವಾರಕ್ಕೊಂದರಂತೆ ಹನ್ನೆರಡು. ಅದು ಮುಗಿದ ಮೇಲೆ ರೇಡಿಯೇಷನ್. ಡಾಕ್ಟರು ಕೀಮೋ ತಾರೀಖುಗಳನ್ನು ಚೀಟಿಯಲ್ಲಿ ಬರೆದುಕೊಟ್ಟರು. ಮೇ ತಿಂಗಳಿಂದ ಅಕ್ಟೋಬರ್ ಕೊನೆಯವರೆಗೆ. ಚೀಟಿ ನೋಡಿ ನನಗೆ ಮೊದಲು ಹೊಳೆದದ್ದು ಒಂದೇ: ಈ ಮಳೆಗಾಲ ಪೂರ್ತಿ ಹೋಯಿತು. ಕಸಿ ಕಟ್ಟುವ ಕಾಲವೇ ಅದು.

ಸಾಗರದ ಹತ್ತಿರದ ಹಳ್ಳಿ ನಮ್ಮದು. ವರದಾ ನದಿ ಹುಟ್ಟುವ ವರದಾಮೂಲ ನಮಗೆ ದೂರವಲ್ಲ. ಅಡಿಕೆ ತೋಟ ಇದೆ, ಮನೆ ಹಿಂದೆ ನನ್ನದೊಂದು ಚಿಕ್ಕ ನರ್ಸರಿ ಇದೆ. ಆ ಹೊತ್ತಿಗೆ ಹದಿನಾಲ್ಕು ವರ್ಷದಿಂದ ಅಪ್ಪೆಮಿಡಿ ಕಸಿ ಕಟ್ಟುತ್ತಿದ್ದೆ. ಅಪ್ಪೆ ಗೊರಟಿನಿಂದ ಹುಟ್ಟಿದರೆ ತಾಯಿಮರದ ಗುಣವೇ ಬರುತ್ತದೆ ಅಂತ ನಂಬುವ ಹಾಗಿಲ್ಲ. ಜೀರಿಗೆ ಪರಿಮಳದ ಮರದ ಗೊರಟು ಹಾಕಿದರೆ ಪರಿಮಳವೇ ಇಲ್ಲದ ಮರ ಏಳಬಹುದು. ಅದಕ್ಕೇ ಕಸಿ ಬೇಕು. ಹತ್ತು ಕಟ್ಟಿದರೆ ಏಳೆಂಟು ಹಿಡಿಯುತ್ತಿದ್ದವು. 'ನಿನ್ನ ಕೈಗುಣ ಚೊಲೋ ಇದ್ದು' ಅಂತ ಅತ್ತೆ ಬಂದವರ ಎದುರಿಗೆಲ್ಲ ಹೇಳುತ್ತಿದ್ದರು.

ಆಪರೇಷನ್ ಆದ ಮೇಲೆ ಎಡಗೈ ಭುಜದ ಮಟ್ಟಕ್ಕೂ ಏಳುತ್ತಿರಲಿಲ್ಲ. ಗೋಡೆ ಮೇಲೆ ಬೆರಳು ನಡೆಸುತ್ತಾ ಕೈ ಮೇಲಕ್ಕೆ ಒಯ್ಯುವ ವ್ಯಾಯಾಮ ಹೇಳಿಕೊಟ್ಟಿದ್ದರು. ಗೋಡೆ ಎದುರು ನಿಂತರೆ ನನಗೆ ಅಳು ಬರುತ್ತಿತ್ತು. ಒಂದು ದಿನ ಅಂಗಳ ದಾಟಿ ತೋಟದ ಮೊದಲ ಅಡಿಕೆ ಮರದ ಹತ್ತಿರ ಹೋದೆ. ಅಡಿಕೆ ಮರದ ಮೈಮೇಲೆ ಸೋಗೆ ಬಿದ್ದ ಜಾಗದಲ್ಲೆಲ್ಲ ಉಂಗುರ ಇರುತ್ತದಲ್ಲ, ಆ ಗೆಣ್ಣುಗಳೇ ನನ್ನ ಅಳತೆಗೋಲು. ಮೊದಲ ದಿನ ಬೆರಳು ಎಲ್ಲಿ ನಿಂತಿತೋ ಅಲ್ಲಿ ಸುಣ್ಣದ ಬೊಟ್ಟು ಇಟ್ಟೆ. ಎರಡು ದಿನ ಅಲ್ಲೇ. ನಾಲ್ಕನೇ ದಿನ ಒಂದು ಗೆಣ್ಣು ಮೇಲೆ. ಒಂದು ಗೆಣ್ಣು ಅಂದರೆ ಎಷ್ಟು? ನಾಲ್ಕು ಬೆರಳಿನ ಅಗಲ. ಆದರೆ ಅವತ್ತು ಸಂಜೆ ನಮ್ಮನೆಯವರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವರು ಏನೂ ಹೇಳಲಿಲ್ಲ, ಬೆರಳಿಂದ ಆ ಸುಣ್ಣವನ್ನು ಮುಟ್ಟಿ ನೋಡಿದರು. ಮೇ ತಿಂಗಳ ಹೊತ್ತಿಗೆ ಕೈ ತಲೆಯ ಮೇಲೆ ಹೋಗುತ್ತಿತ್ತು.

ಮೊದಲ ಕೀಮೋಗೆ ಹೋದಾಗ ಡಾಕ್ಟರ ಹತ್ತಿರ ನೇರವಾಗಿ ಕೇಳಿದೆ, 'ಕಸಿ ಕಟ್ಟಬಹುದಾ?' ಅವರು ಮಣ್ಣಿನ ವಿಷಯ ಬಿಡಿಸಿ ಹೇಳಿದರು. ಕೀಮೋ ಆದ ಏಳರಿಂದ ಹದಿನಾಲ್ಕು ದಿನದ ಆಸುಪಾಸು ರಕ್ತದಲ್ಲಿ ಬಿಳಿ ಕಣ ತುಂಬ ಇಳಿದಿರುತ್ತದೆ. ಮಣ್ಣಿನಲ್ಲಿ, ಕಾಂಪೋಸ್ಟ್‌ನಲ್ಲಿ ಇರುವ ಶಿಲೀಂಧ್ರ, ಬ್ಯಾಕ್ಟೀರಿಯಾ ಆಗ ಮೈಗೆ ಹತ್ತಿದರೆ ಕಷ್ಟ. ಗೊಬ್ಬರ ಮುಟ್ಟಲೇಬಾರದು. ಎಡಗೈಗೆ ಗಾಯ ಆಗಬಾರದು, ಆ ಕೈಯಲ್ಲಿ ಭಾರ ಎತ್ತಬಾರದು, ಕಂಕುಳಿನ ಗ್ರಂಥಿ ತೆಗೆದ ಕೈ ಊದಿಕೊಳ್ಳಬಹುದು. ಜ್ವರ ಬಂದರೆ ಬೆಳಗಾಗಲಿ ಅಂತ ಕಾಯದೆ ಹೊರಡಬೇಕು. ಇಷ್ಟೆಲ್ಲ ಹೇಳಿ, 'ಮೂರನೇ ವಾರ, ರಕ್ತ ಪರೀಕ್ಷೆ ಸರಿ ಬಂದರೆ, ಗ್ಲೌಸ್ ಹಾಕಿಕೊಂಡು ಕೂತಲ್ಲೇ ಮಾಡುವ ಕೆಲಸ ಮಾಡಿ' ಅಂದರು.

ಹಾಗೆ ಮೂರನೇ ವಾರ ನನ್ನದಾಯಿತು. ಮೊದಲ ವಾರ ವಾಂತಿ, ಸುಸ್ತು, ಒಗ್ಗರಣೆ ವಾಸನೆ ಬಂದರೆ ಸಾಕು ಹೊಟ್ಟೆ ತೊಳಸುತ್ತಿತ್ತು. ಎರಡನೇ ವಾರ ಕೋಣೆಯಲ್ಲಿ ಒಬ್ಬಳೇ. ಕೂದಲು ಹೋಗಿದ್ದೂ ಆ ದಿನಗಳಲ್ಲೇ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೂರನೇ ವಾರ ಜಗಲಿಯಲ್ಲಿ ಮಣೆ ಹಾಕಿ ಕೂರುತ್ತಿದ್ದೆ. ಹಿಂದಿನ ವರ್ಷ ಹಾಕಿದ್ದ ನಾಟಿ ಮಾವಿನ ಸಸಿಗಳು ಪೆನ್ಸಿಲ್ ದಪ್ಪಕ್ಕೆ ಬಂದು ನಿಂತಿದ್ದವು. ಮಗಳು ಸಸಿಗಳ ಪ್ಲಾಸ್ಟಿಕ್ ತೊಟ್ಟೆಗಳನ್ನು ಒರೆಸಿ ತಂದಿಡುತ್ತಿದ್ದಳು. ಹಳ್ಳದ ದಂಡೆಯಲ್ಲಿ ಒಂದು ಹಳೆಯ ಜೀರಿಗೆ ಅಪ್ಪೆ ಮರವಿತ್ತು. ನಮ್ಮನೆಯವರು ಹತ್ತು ದಿನ ಮೊದಲೇ ಅದನ್ನು ಹತ್ತಿ, ನಾನು ಹೇಳಿದ ಟೊಂಗೆಗಳ ತುದಿಯ ಎಲೆಗಳನ್ನು ತೊಟ್ಟು ಉಳಿಸಿ ಕತ್ತರಿಸಿ ಬರುತ್ತಿದ್ದರು. ಎಲೆ ಹೋದ ಕಡ್ಡಿಯಲ್ಲಿ ತುದಿಯ ಮೊಗ್ಗು ಉಬ್ಬುತ್ತದೆ. ಆ ಹದದಲ್ಲಿ ಕುಡಿ ಕೊಯ್ದರೆ ಕಸಿ ಬೇಗ ಹಿಡಿಯುತ್ತದೆ.

ಇಲ್ಲಿ ಒಂದು ಮಾತು. ನನ್ನ ಕೀಮೋ ದಿನ ನೋಡಿ, ಹಿಂದಕ್ಕೆ ಎಣಿಸಿ, ಯಾವತ್ತು ಎಲೆ ತೆಗೆಯಬೇಕು ಅಂತ ನಾನು ಹೇಳಬೇಕಿತ್ತು. ಹಾಗಾಗಿ ಹಾಸಿಗೆಯಲ್ಲಿ ಮಲಗಿದ್ದಾಗಲೂ ತಲೆಯಲ್ಲಿ ಲೆಕ್ಕ ಓಡುತ್ತಿತ್ತು. ವಾಂತಿ ಮಾಡಿಕೊಂಡು ಬಂದು, 'ಇವತ್ತು ಪಡುವಲ ಟೊಂಗೆಯ ಎಲೆ ತೆಗೀರಿ' ಅಂದಿದ್ದಿದೆ. ಅಷ್ಟು ದಿನ ಆ ಮನೆಯಲ್ಲಿ ಎಲ್ಲರೂ ನನಗೆ ಏನು ಮಾಡಬೇಕು ಅಂತ ಹೇಳುವವರೇ ಆಗಿದ್ದರು. ಆ ಮರದ ವಿಷಯದಲ್ಲಿ ಮಾತ್ರ ನಾನು ಹೇಳಿದ್ದೇ ನಡೆಯುತ್ತಿತ್ತು. ನನಗೆ ಶಕ್ತಿ ಬಂದದ್ದು ಅಲ್ಲಿಂದ.

ಕಸಿ ಕಟ್ಟುವುದು ಹೀಗೆ. ಸಸಿಯ ತಲೆ ಕತ್ತರಿಸಿ, ಕಾಂಡದ ನಡುವೆ ಒಂದೂವರೆ ಅಂಗುಲ ಸೀಳಬೇಕು. ಕುಡಿಯ ಬುಡವನ್ನು ಎರಡು ಕಡೆಯಿಂದ ಬೆಣೆಯ ಹಾಗೆ ಕೆತ್ತಬೇಕು. ಬ್ಲೇಡು ಒಂದೇ ಎಳೆತಕ್ಕೆ ಬರಬೇಕು, ಕುಯ್ಯುತ್ತಾ ಕೂತರೆ ಕೆಟ್ಟಿತು. ಸೀಳಿನಲ್ಲಿ ಬೆಣೆ ಇಳಿಸಿದಾಗ, ಸಿಪ್ಪೆಯ ಅಡಿಯ ಹಸಿರು ಪದರ ಒಂದು ಕಡೆಯಾದರೂ ಸರಿಯಾಗಿ ಕೂಡಬೇಕು. ಆಮೇಲೆ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ, ಐಸ್ ಕ್ಯಾಂಡಿ ಕವರನ್ನು ಟೋಪಿಯ ಹಾಗೆ ಹಾಕಿ ಕಟ್ಟುವುದು. ಹೊಸದಾಗಿ ಕತ್ತರಿಸಿದ ಕುಡಿಯಿಂದ ಸೊನೆಯ ಪರಿಮಳ ಏಳುತ್ತದೆ. ಯಾವ ವಾಸನೆಯೂ ಆಗದ ಆ ದಿನಗಳಲ್ಲಿ ಅದೊಂದು ನನಗೆ ಆಗುತ್ತಿತ್ತು. ಮಾಸ್ಕ್ ಇದ್ದರೂ ಸಣ್ಣಗೆ ಬರುತ್ತಿತ್ತು.

ಆಗಸ್ಟ್‌ನಲ್ಲಿ ವಾರದ ಕೀಮೋ ಶುರುವಾಯಿತು. ವಾಂತಿ ಕಡಿಮೆಯಾಯಿತು, ಆದರೆ ನಾಲ್ಕೈದು ವಾರದಲ್ಲಿ ಬೆರಳ ತುದಿ ಜೋಮು ಹಿಡಿಯಿತು. ಈ ಔಷಧಿಗೆ ನರಗಳಿಗೆ ಹಾಗಾಗುತ್ತದಂತೆ. ಅಂಗಿ ಗುಂಡಿ ಹಾಕಲು ಬರುವುದಿಲ್ಲ, ಹೂ ಹಿಡಿದರೆ ಹಿಡಿದಂತೆ ಅನಿಸುವುದಿಲ್ಲ. ಅಷ್ಟಾದರೂ ಬ್ಲೇಡು ಬಿಡಲಿಲ್ಲ ನಾನು. ಒಂದು ಮಧ್ಯಾಹ್ನ ಪಟ್ಟಿ ಸುತ್ತುತ್ತಿದ್ದೆ. ಬಿಳಿ ಪಟ್ಟಿ ಕೆಂಪಗಾಗುತ್ತಾ ಬಂತು. ನೋಡಿದರೆ ಎಡಗೈ ತೋರುಬೆರಳಿನ ಗ್ಲೌಸ್ ಸೀಳಿ ಒಳಗೆ ಕೊಯ್ದುಹೋಗಿದೆ. ನನಗೆ ಗೊತ್ತೇ ಆಗಿರಲಿಲ್ಲ. ಯಾವ ಕೈಗೆ ಗಾಯ ಆಗಬಾರದೋ ಅದೇ ಕೈ. ತೊಳೆದು, ಔಷಧಿ ಹಚ್ಚಿ, ಆಸ್ಪತ್ರೆಗೆ ಫೋನ್ ಮಾಡಿ, ಮೂರು ದಿನ ಥರ್ಮಾಮೀಟರ್ ಹಿಡಿದು ಕೂತೆವು. ಜ್ವರ ಬರಲಿಲ್ಲ. ಆದರೆ ಅವತ್ತು ರಾತ್ರಿ ನಾನು ಅತ್ತಷ್ಟು ಆಪರೇಷನ್ ದಿನವೂ ಅತ್ತಿರಲಿಲ್ಲ. ಕೈಗುಣ ಹೋಯಿತು ಅನಿಸಿತ್ತು.

ಮರುವಾರ ಅತ್ತೆ ಬಂದು ಎದುರಿಗೆ ಮಣೆ ಹಾಕಿದರು. ಅವರಿಗಾಗ 74. ಕಣ್ಣು ಮಂಜು. 'ಹೂವಿನ ದಂಡೆ ಕಟ್ಟಿದ ಕೈ ಇದು, ಇಲ್ಲಿ ಕೊಡು' ಅಂದರು. ಕೆತ್ತುವುದು ಮಗಳ ಪಾಲಿಗೆ ಬಂತು. ಅತ್ತೆ ಸುತ್ತುತ್ತಿದ್ದರು, ಕಣ್ಣು ಬೇಡ, ಬೆರಳಲ್ಲೇ ಬಿಗಿ ಗೊತ್ತಾಗುತ್ತಿತ್ತು ಅವರಿಗೆ. ಸುತ್ತುವ ಮೊದಲು ಪ್ರತಿ ಕಸಿಯನ್ನೂ ನನ್ನ ಮುಖದ ಹತ್ತಿರ ಹಿಡಿಯುತ್ತಿದ್ದರು. ಸಿಪ್ಪೆ ಕೂಡಿದೆಯಾ ಅಂತ ನಾನು ನೋಡಬೇಕು. 'ಸ್ವಲ್ಪ ಎಡಕ್ಕೆ.' 'ಹಾಂ, ಸುತ್ತಿ.' ಮೊದಲ ಹದಿನೈದರಲ್ಲಿ ನಾಲ್ಕು ಮಾತ್ರ ಹಿಡಿದವು. ಕೊನೆಯ ಹದಿನೈದರಲ್ಲಿ ಹನ್ನೊಂದು.

ಆ ದಿನಗಳಲ್ಲಿ ಮನೆಗೆ ಬಂದವರು ಥರಾವರಿ ಸಲಹೆ ಕೊಟ್ಟರು. ಯಾವುದೋ ಸೊಪ್ಪಿನ ರಸ ಕುಡಿದು ಕೀಮೋ ನಿಲ್ಲಿಸು ಅಂದವರೂ ಇದ್ದರು. ಮರ ಗಿಡದ ಮೇಲೆ ನನಗಿರುವಷ್ಟು ಪ್ರೀತಿ ಅವರಿಗಿರಲಿಕ್ಕಿಲ್ಲ. ಆದರೂ ಹೇಳುತ್ತೇನೆ, ನನ್ನ ಕಾಯಿಲೆಗೆ ಮದ್ದು ಆಪರೇಷನ್, ಕೀಮೋ, ರೇಡಿಯೇಷನ್, ಆಮೇಲೆ ಐದು ವರ್ಷ ದಿನಕ್ಕೊಂದು ಮಾತ್ರೆ. ಆ ಮದ್ದನ್ನು ನಡುವೆ ಬಿಡದೆ ಮುಗಿಸಲು ಕಸಿ ಕೆಲಸ ನನ್ನನ್ನು ಹಿಡಿದು ನಿಲ್ಲಿಸಿತು. ಕಾಯಿಲೆ ಸಸಿಗೆ ಅಂಟುತ್ತದಾ ಅಂತ ಒಬ್ಬರು ಕೇಳಿದ್ದರು. ಕ್ಯಾನ್ಸರ್ ಮನುಷ್ಯರಿಂದ ಮನುಷ್ಯರಿಗೇ ಅಂಟುವುದಿಲ್ಲ, ಗಿಡಕ್ಕೆಲ್ಲಿ ಬಂತು? ಸಮಾಧಾನವಾಗಿ ಹೇಳಿದೆ, ಅವರು ಎರಡು ಸಸಿ ಒಯ್ದರು.

2019ರ ಆಗಸ್ಟ್ ಮಳೆ ಎಲ್ಲರಿಗೂ ನೆನಪಿದೆ ಅಲ್ವಾ? ಹಳ್ಳ ದಂಡೆ ಕೊರೆದು ಆ ಹಳೆಯ ಜೀರಿಗೆ ಅಪ್ಪೆ ಬುಡಸಮೇತ ಮಲಗಿತು. ಅದರ ಕುಡಿಯ 71 ಕಸಿ ಅಷ್ಟರಲ್ಲಿ ಬೇರೆ ಬೇರೆ ಮನೆ ಸೇರಿದ್ದವು. ಒಂದನ್ನು ನಾವೇ ಕೊಟ್ಟಿಗೆಯ ಹಿಂದೆ ನೆಟ್ಟಿದ್ದೆವು. 2023ರಲ್ಲಿ ಅದರಲ್ಲಿ ಮೊದಲ ಸಲ ಮಿಡಿ ನಿಂತವು, ಒಂಬತ್ತು. ನೆಲಕ್ಕೆ ಬೀಳದ ಹಾಗೆ, ತೊಟ್ಟು ಸಮೇತ ಕೊಯ್ದೆ. ಬೆರಳ ಜೋಮು ಪೂರ್ತಿ ಹೋಗಿಲ್ಲ, ಆದರೆ ತೊಟ್ಟು ಮುರಿದಾಗ ಸೊನೆ ಚಿಮ್ಮಿದ್ದು ಬಲಗೈ ಬೆರಳಿಗೆ ತಣ್ಣಗೆ ತಾಗಿತು.

ಕಳೆದ ಮಳೆಗಾಲದಲ್ಲಿ ಸೊರಬ ಕಡೆಯವರೊಬ್ಬರು ಕುಡಿ ಕೇಳಿಕೊಂಡು ಬಂದರು. ಹೆಂಡತಿಗೆ ಕೀಮೋ ನಡೆಯುತ್ತಿದೆ, ಮೊದಲು ಅವಳೂ ಕಸಿ ಕಟ್ಟುತ್ತಿದ್ದಳು ಅಂದರು. ಎಷ್ಟನೇ ವಾರ ಅಂತ ಕೇಳಿದೆ. ಎರಡನೆಯದು. ಹಾಗಾದರೆ ಈಗ ಬೇಡ, ಟೊಂಗೆ ತೋರಿಸುತ್ತೇನೆ, ಎಲೆ ತೆಗೆದಿಟ್ಟಿರುತ್ತೇನೆ, ಡಾಕ್ಟರನ್ನು ಕೇಳಿಕೊಂಡು ಮುಂದಿನ ವಾರ ಬನ್ನಿ ಅಂದೆ. ಅವರು ಬಂದ ದಿನ ಹದಿನೈದು ಕುಡಿ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಾಳೆಪಟ್ಟೆಯಲ್ಲಿಟ್ಟು ಕಟ್ಟಿಕೊಟ್ಟೆ. ಜೊತೆಗೆ ಒಂದು ಜೊತೆ ದಪ್ಪ ಗ್ಲೌಸ್.