ಮನೆ ಬಿಡಬೇಕಾ, ಉಳಿಯಬೇಕಾ? ಹರಿಕೇನ್ ಬರುವ ಮುಂಚೆ ತೀರ್ಮಾನ ಮಾಡುವುದು ಹೇಗೆ

2024ರ ಅಕ್ಟೋಬರ್ 7. ಮೆಕ್ಸಿಕೋ ಕೊಲ್ಲಿಯಲ್ಲಿ ಮಿಲ್ಟನ್ ಎಂಬ ಹರಿಕೇನ್ ಗಂಟೆಗೆ 285 ಕಿ.ಮೀ. ವೇಗದ ಗಾಳಿ ಕಟ್ಟಿಕೊಂಡು ಫ್ಲೋರಿಡಾದ ಕಡೆ ಮುಖ ಮಾಡಿತ್ತು. ಟ್ಯಾಂಪಾ ಸುತ್ತಲಿನ ಕಡಲತೀರದ ಊರುಗಳಲ್ಲಿ ಹಿಂದಿನ ಹರಿಕೇನ್ ಹೆಲೀನ್ ನೆನೆಸಿ ಹೋದ ಸೋಫಾ, ಹಾಸಿಗೆಗಳು ಇನ್ನೂ ರಸ್ತೆ ಬದಿಯಲ್ಲೇ ರಾಶಿ ಬಿದ್ದಿದ್ದವು. ಅದು ಬಂದು ಎರಡು ವಾರವೂ ಆಗಿರಲಿಲ್ಲ. ಹೆದ್ದಾರಿಗಳಲ್ಲಿ ಕಾರುಗಳ ಸಾಲು. ಎಷ್ಟೋ ಬಂಕ್‌ಗಳಲ್ಲಿ ಪೆಟ್ರೋಲ್ ಖಾಲಿ. ಇತ್ತ ಬೆಂಗಳೂರು, ಮೈಸೂರು, ದಾವಣಗೆರೆಯಲ್ಲಿ ಟಿ.ವಿ. ಮುಂದೆ ಕೂತ ಅಪ್ಪ ಅಮ್ಮಂದಿರದು ಒಂದೇ ಪ್ರಶ್ನೆ: ‘ಅಲ್ಲಿಂದ ಹೊರಟ್ರಾ, ಇಲ್ವಾ?’

ಆ ವಾರ ನಾನೂ ಫೋನ್ ಹಿಡಿದು ಕೂತವಳೇ. ನನ್ನ ತಂಗಿಯ ಮನೆ ಆ ಕಡೆಗೇ ಇದೆ. ‘ಹೊರಡು, ಹೊರಡು’ ಅಂತ ದಿನಕ್ಕೆ ಆರು ಸಲ ಹೇಳಿದೆ. ಅವಳು ಹೊರಡಲಿಲ್ಲ, ಹೊರಡುವ ಅಗತ್ಯವೂ ಅವಳಿಗೆ ಇರಲಿಲ್ಲ. ಅದು ನನಗೆ ಆಮೇಲೆ ಅರ್ಥವಾಯಿತು. ಈ ಪ್ರಶ್ನೆಗೆ ಉತ್ತರ ಹೇಳಲು ಟಿ.ವಿ. ಸಾಲದು, ಮನೆಯ ವಿಳಾಸ ಬೇಕು. ಫ್ಲೋರಿಡಾ, ಟೆಕ್ಸಸ್, ಲೂಸಿಯಾನ ಕಡೆ ಇರುವ ಕನ್ನಡಿಗರಿಗೆ ಮತ್ತು ಇಲ್ಲಿಂದ ಅವರಿಗೆ ಫೋನ್ ಮಾಡುವ ಮನೆಯವರಿಗೆ, ಈ ತೀರ್ಮಾನವನ್ನು ಹಂತ ಹಂತವಾಗಿ ಮಾಡುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಬಿಸಿಲಿರುವಾಗಲೇ ನಿಮ್ಮ ವಲಯ ತಿಳಿದುಕೊಳ್ಳಿ

ಅಟ್ಲಾಂಟಿಕ್ ಹರಿಕೇನ್ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಸೆಪ್ಟೆಂಬರ್ ನಡುವಿನಲ್ಲಿ ಅದರ ಜೋರು. ಆದ್ದರಿಂದ ಈ ಕೆಲಸ ಮೇ ತಿಂಗಳಲ್ಲೇ ಮುಗಿಯಬೇಕು.

ಫ್ಲೋರಿಡಾದ ಕಡಲತೀರದ ಕೌಂಟಿಗಳನ್ನು (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಎ, ಬಿ, ಸಿ ಅಂತ ವಲಯಗಳಾಗಿ ಹಂಚಿದ್ದಾರೆ. ಎ ಅಂದರೆ ಸಮುದ್ರದ ನೀರು ಮೊದಲು ನುಗ್ಗುವ ಜಾಗ. ಮೊದಲು ಖಾಲಿ ಮಾಡಿಸುವುದೂ ಅದನ್ನೇ. ಹ್ಯೂಸ್ಟನ್–ಗಾಲ್ವೆಸ್ಟನ್ ಭಾಗದಲ್ಲಿ ಪಿನ್‌ಕೋಡ್ ಲೆಕ್ಕದಲ್ಲಿ ವಲಯ ಮಾಡಿದ್ದಾರೆ. ಕೌಂಟಿಯ ವೆಬ್‌ಸೈಟಿನಲ್ಲಿ ವಿಳಾಸ ಹಾಕಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಇಲ್ಲೊಂದು ಗೊಂದಲ ಜಾಸ್ತಿ. ಮನೆ ಕೊಳ್ಳುವಾಗ ಬ್ಯಾಂಕಿನವರು, ವಿಮೆಯವರು ಹೇಳುವ ‘ಫ್ಲಡ್ ಝೋನ್’ ಬೇರೆ, ‘ಇವ್ಯಾಕ್ಯುಯೇಷನ್ ಝೋನ್’ ಅಂದರೆ ಮನೆ ಖಾಲಿ ಮಾಡಿಸುವ ಈ ವಲಯ ಬೇರೆ. ಮೊದಲನೆಯದು ವಿಮೆಗೆ, ಎರಡನೆಯದು ಜೀವಕ್ಕೆ. ‘ನಮ್ಮದು ಫ್ಲಡ್ ಝೋನ್ ಅಲ್ಲ’ ಅಂತ ನಿಶ್ಚಿಂತೆಯಿಂದ ಕೂರಬೇಡಿ. ಅಂದ ಹಾಗೆ, ಸಾಮಾನ್ಯ ಮನೆ ವಿಮೆ ನೆರೆ ನೀರಿನ ನಷ್ಟಕ್ಕೆ ದುಡ್ಡು ಕೊಡುವುದಿಲ್ಲ. ಅದಕ್ಕೆ ಬೇರೆ ವಿಮೆ ಬೇಕು. ಸರ್ಕಾರದ ನೆರೆ ವಿಮೆ ಸಾಮಾನ್ಯವಾಗಿ 30 ದಿನ ಆದ ಮೇಲೆ ಜಾರಿಗೆ ಬರುತ್ತದೆ. ಬಿರುಗಾಳಿಗೆ ಹೆಸರಿಟ್ಟ ಮೇಲೆ ಓಡಿದರೆ ತಡವಾಯಿತು.

ಮೊಬೈಲ್ ಹೋಮ್‌ನಲ್ಲಿ, ಅಂದರೆ ಕಾರ್ಖಾನೆಯಲ್ಲಿ ಮಾಡಿ ತಂದು ನಿಲ್ಲಿಸುವ ಹಗುರ ಮನೆಯಲ್ಲಿ, ಇದ್ದರೆ ವಲಯದ ಪ್ರಶ್ನೆಯೇ ಇಲ್ಲ. ಯಾವ ವಲಯದಲ್ಲಿದ್ದರೂ ಹೊರಡಬೇಕು. ಆ ಮನೆಗಳು ಹರಿಕೇನ್ ಗಾಳಿ ತಡೆಯುವುದಿಲ್ಲ.

ಹೆಜ್ಜೆ 2: ಗಾಳಿಯ ನಂಬರ್ ಒಂದನ್ನೇ ನೋಡಬೇಡಿ

ಹರಿಕೇನ್ ಅಂದರೆ ನಮ್ಮ ಬಂಗಾಳ ಕೊಲ್ಲಿಯಲ್ಲಿ ಏಳುವ ಚಂಡಮಾರುತವೇ, ಹೆಸರು ಮಾತ್ರ ಬೇರೆ. ಅಲ್ಲಿ ಅದಕ್ಕೆ 1ರಿಂದ 5ರವರೆಗೆ ಕೆಟಗರಿ ಕೊಡುತ್ತಾರೆ. ಗಂಟೆಗೆ 119 ಕಿ.ಮೀ. ದಾಟಿದರೆ 1, 252 ಕಿ.ಮೀ. ಮುಟ್ಟಿದರೆ 5. ಟಿ.ವಿ.ಯವರೂ ಜನರೂ ಹಿಡಿದುಕೊಳ್ಳುವುದು ಈ ನಂಬರನ್ನೇ. ‘ಮೂರಕ್ಕೆ ಇಳಿದಿದೆಯಂತೆ, ಇನ್ನೇನು ಭಯವಿಲ್ಲ’ ಅನ್ನುವ ಮಾತು ಪ್ರತಿ ಸಲ ಕೇಳುತ್ತೇವೆ.

ಆ ನಂಬರ್ ಅಳೆಯುವುದು ಗಾಳಿಯನ್ನು ಮಾತ್ರ. ನೀರಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಆದರೆ ಜನ ಸಾಯುವುದು ನೀರಿನಿಂದ. 1963ರಿಂದ 2012ರವರೆಗೆ ಅಮೆರಿಕದಲ್ಲಿ ಹರಿಕೇನ್ ಮತ್ತು ಅದಕ್ಕಿಂತ ಸಣ್ಣ ಬಿರುಗಾಳಿಗಳು ನೇರವಾಗಿ ತೆಗೆದ ಜೀವಗಳಲ್ಲಿ ಹತ್ತಕ್ಕೆ ಒಂಬತ್ತು ನೀರಿನಿಂದ ಹೋದವು. ಅದರಲ್ಲೂ ಒಟ್ಟು ಸಾವಿನ ಸುಮಾರು ಅರ್ಧ ಕಡಲುಬ್ಬರದ್ದು. ಗಾಳಿ ಸಮುದ್ರದ ನೀರನ್ನು ದಡಕ್ಕೆ ತಳ್ಳಿಕೊಂಡು ಬಂದು ಊರಿನ ಮೇಲೆ ಏರಿಸುತ್ತದೆ. ಇದನ್ನೇ ‘ಸ್ಟಾರ್ಮ್ ಸರ್ಜ್’ ಅನ್ನುತ್ತಾರೆ. 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ಉಡುಪಿ, ಮಂಗಳೂರು ಕಡೆಯ ಕಡಲತೀರದವರು ಇದರ ಸಣ್ಣ ರೂಪ ನೋಡಿದ್ದಾರೆ. ಫ್ಲೋರಿಡಾದಲ್ಲಿ ಅದು ಹತ್ತು ಹದಿನೈದು ಅಡಿ ಏರಬಲ್ಲದು. ಒಂದು ಅಂತಸ್ತಿನ ಮನೆ ಅದರೊಳಗೆ ಮುಳುಗುತ್ತದೆ.

ಹಾಗಾಗಿ ಅಲ್ಲಿನ ಅಧಿಕಾರಿಗಳು ಮತ್ತೆ ಮತ್ತೆ ಹೇಳುವುದು ಒಂದೇ: ನೀರಿನಿಂದ ಓಡಿ, ಗಾಳಿಯಿಂದ ಅಡಗಿ. ಇಡೀ ತೀರ್ಮಾನದ ಬೇರು ಇದರಲ್ಲೇ ಇದೆ. ನಿಮ್ಮ ಮನೆಗೆ ನೀರು ಬರುವುದಾದರೆ ಹೊರಡಿ. ಎತ್ತರದಲ್ಲಿದ್ದು, ಮನೆ ಗಟ್ಟಿಯಿದ್ದು, ಬರೀ ಗಾಳಿಯ ಭಯವಾದರೆ ಉಳಿಯುವುದೇ ಒಳ್ಳೆಯದು. ನನ್ನ ತಂಗಿ ಮಾಡಿದ್ದೂ ಇದನ್ನೇ.

ಹೆಜ್ಜೆ 3: ನಕ್ಷೆಯ ನಡುಗೆರೆಯನ್ನು ನಂಬಬೇಡಿ

ಮಯಾಮಿಯಲ್ಲಿರುವ ರಾಷ್ಟ್ರೀಯ ಹರಿಕೇನ್ ಕೇಂದ್ರ ಆರು ಗಂಟೆಗೊಮ್ಮೆ ಪ್ರಕಟಣೆ ಕೊಡುತ್ತದೆ. ಬೇಸಿಗೆ ಸಮಯದ ಲೆಕ್ಕದಲ್ಲಿ ಅಲ್ಲಿನ ಬೆಳಿಗ್ಗೆ 5, 11, ಸಂಜೆ 5, ರಾತ್ರಿ 11. ಅದರ ಜೊತೆಗೆ ಬರುವ ನಕ್ಷೆಯಲ್ಲಿ, ಬಿರುಗಾಳಿ ಹೋಗಬಹುದಾದ ದಾರಿಯ ಸುತ್ತ, ನಡುಗೆರೆಯಿರುವ ಶಂಕುವಿನ ಆಕಾರ ಇರುತ್ತದೆ. ಬಿರುಗಾಳಿಯ ನಡುಭಾಗ ಅದರೊಳಗೆ ಇರುವುದು ಮೂರರಲ್ಲಿ ಎರಡು ಸಲ ಮಾತ್ರ. ಗಾಳಿ, ಮಳೆ, ಕಡಲುಬ್ಬರ ಆ ಶಂಕುವಿನ ಹೊರಗೂ ಬರುತ್ತವೆ.

2022ರ ಇಯಾನ್ ನೆನಪಿಸಿಕೊಳ್ಳಿ. ಮೊದಲ ದಿನಗಳಲ್ಲಿ ಎಲ್ಲರ ಕಣ್ಣು ಟ್ಯಾಂಪಾ ಮೇಲಿತ್ತು. ಅದರ ದಕ್ಷಿಣಕ್ಕಿರುವ ಲೀ ಕೌಂಟಿಯಲ್ಲಿ ಮನೆ ಬಿಡುವ ಆದೇಶ ಬಂದಿದ್ದು ಸೆಪ್ಟೆಂಬರ್ 27ರ ಬೆಳಿಗ್ಗೆ. 28ರ ಮಧ್ಯಾಹ್ನ ಇಯಾನ್ ಅಲ್ಲೇ ದಡ ಮುಟ್ಟಿತು. ಫೋರ್ಟ್ ಮೈಯರ್ಸ್ ಬೀಚ್ ಎಂಬ ಊರು ಹೆಚ್ಚು ಕಡಿಮೆ ಕೊಚ್ಚಿಹೋಯಿತು. ಫ್ಲೋರಿಡಾದಲ್ಲಿ ಒಟ್ಟು ಸುಮಾರು 150 ಜನ ಸತ್ತರು. ‘ಅದು ಟ್ಯಾಂಪಾಕ್ಕೆ ಹೋಗುತ್ತದೆ’ ಅಂದುಕೊಂಡು ಉಳಿದವರಿಗೆ ಹೊರಡಲು ಉಳಿದಿದ್ದು ಒಂದೇ ದಿನ.

ಮಿಲ್ಟನ್‌ನಲ್ಲಿ ಇದರ ಉಲ್ಟಾ ಆಯಿತು. ಅಕ್ಟೋಬರ್ 9ರ ರಾತ್ರಿ ಅದು ದಡ ಮುಟ್ಟಿದ್ದು ಟ್ಯಾಂಪಾದ ದಕ್ಷಿಣಕ್ಕೆ, ಸಾರಸೋಟ ಹತ್ತಿರದ ಸಿಯೆಸ್ಟಾ ಕೀ ಎಂಬಲ್ಲಿ. ಉತ್ತರ ಗೋಳದಲ್ಲಿ ಹರಿಕೇನ್ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಅದರ ಎಡಪಕ್ಕಕ್ಕೆ ಸಿಕ್ಕ ಟ್ಯಾಂಪಾ ಕೊಲ್ಲಿಯ ನೀರನ್ನು ಗಾಳಿ ಸಮುದ್ರಕ್ಕೆ ಎಳೆದುಕೊಂಡು ಹೋಯಿತು. ಕೊಲ್ಲಿಯ ತಳ ಕಾಣಿಸಿತು. ‘ನೋಡಿ, ಸುಮ್ನೆ ಹೆದರಿಸಿದರು’ ಅಂತ ಮಾತು ಹುಟ್ಟಿತು. ಅದೇ ರಾತ್ರಿ ಪಕ್ಕದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 18 ಇಂಚಿಗೂ ಜಾಸ್ತಿ ಮಳೆ ಸುರಿಯಿತು, ಗಾಳಿಗೆ ಅಲ್ಲಿನ ಬೇಸ್‌ಬಾಲ್ ಸ್ಟೇಡಿಯಂನ ಚಾವಣಿ ಹರಿದುಹೋಯಿತು. ದಡ ಮುಟ್ಟಿದ ಜಾಗ ಸ್ವಲ್ಪ ಉತ್ತರಕ್ಕೆ ಸರಿದಿದ್ದರೆ ಅದೇ ಗಾಳಿ ಸಮುದ್ರವನ್ನು ಕೊಲ್ಲಿಯೊಳಕ್ಕೆ ತುಂಬುತ್ತಿತ್ತು. ಮನೆ ಬಿಟ್ಟು ಹೋದವರು ತಪ್ಪು ಮಾಡಲಿಲ್ಲ.

ಹೆಜ್ಜೆ 4: ಹೊರಡುವ ಗಂಟೆಯನ್ನು ಮೊದಲೇ ಗೊತ್ತುಮಾಡಿ

ನನ್ನ ಪ್ರಕಾರ ಜನ ಎಡವುವುದು ಇಲ್ಲೇ. ‘ಹೊರಡುವುದಿಲ್ಲ’ ಅಂತ ತೀರ್ಮಾನ ಮಾಡಿ ಉಳಿದವರಿಗಿಂತ ‘ಇನ್ನೊಂದು ಪ್ರಕಟಣೆ ನೋಡೋಣ’ ಅಂತ ಕಾದು ಉಳಿದುಬಿಟ್ಟವರು ಬಹಳ.

ಹರಿಕೇನ್ ಬರಬಹುದು ಅನ್ನುವ ‘ವಾಚ್’ ಸಾಮಾನ್ಯವಾಗಿ 48 ಗಂಟೆ ಮುಂಚೆ ಬರುತ್ತದೆ, ಬರುತ್ತಿದೆ ಅನ್ನುವ ‘ವಾರ್ನಿಂಗ್’ 36 ಗಂಟೆ ಮುಂಚೆ. ಈ ಲೆಕ್ಕ ಹರಿಕೇನ್ ದಡ ಮುಟ್ಟುವ ಹೊತ್ತಿನದಲ್ಲ, ಗಂಟೆಗೆ 63 ಕಿ.ಮೀ. ಮೀರಿದ ಗಾಳಿ ಶುರುವಾಗುವ ಹೊತ್ತಿನದು. ಆ ಗಾಳಿ ಬಂದರೆ ಉದ್ದ ಸೇತುವೆಗಳನ್ನು ಮುಚ್ಚುತ್ತಾರೆ. ಆಂಬುಲೆನ್ಸ್, ಪೊಲೀಸ್ ಹೊರಗೆ ಬರುವುದಿಲ್ಲ. ಈ ಗಾಳಿ ಎಷ್ಟು ಹೊತ್ತಿಗೆ ಬರಬಹುದು ಅನ್ನುವುದಕ್ಕೇ ಹರಿಕೇನ್ ಕೇಂದ್ರ ಬೇರೆ ನಕ್ಷೆ ಕೊಡುತ್ತದೆ. ಅದನ್ನು ನೋಡಿ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಬುಧವಾರ ಬೆಳಿಗ್ಗೆ ಗಾಳಿ ಅಂದರೆ ಮಂಗಳವಾರ ಬೆಳಿಗ್ಗೆಯೇ ಕಾರು ಮನೆ ಬಿಟ್ಟಿರಬೇಕು. ಆ ಗಂಟೆಯನ್ನು ಫ್ರಿಜ್ ಮೇಲೆ ಬರೆದು ಅಂಟಿಸಿ.

ಪಕ್ಕದ ಮನೆಯವರು ಏನು ಮಾಡುತ್ತಾರೆ ಅಂತ ನೋಡುವುದು ನಮಗೆಲ್ಲ ಸಹಜ. ಆದರೆ ಅವರು 30 ವರ್ಷ ಅಲ್ಲೇ ಇದ್ದವರು, ‘ಎಷ್ಟೋ ಹರಿಕೇನ್ ನೋಡಿದ್ದೇವೆ’ ಅನ್ನುತ್ತಾರೆ. ಅವರು ನೋಡಿದ್ದು ಬೇರೆ ಹರಿಕೇನ್‌ಗಳನ್ನು, ಇದನ್ನಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಷ್ಟು ಜನ ಉಳಿದಿದ್ದಾರೆ ಅಂತ ಎಣಿಸುವುದೂ ಬೇಡ. ಅವರ ವಲಯ ನಿಮ್ಮ ವಲಯ ಅಲ್ಲ ಅಲ್ವಾ?

ಉಳಿಯುವವರನ್ನೆಲ್ಲ ಹಟಮಾರಿಗಳು ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. 2005ರ ಕತ್ರಿನಾದಲ್ಲಿ ನ್ಯೂ ಆರ್ಲಿಯನ್ಸ್‌ಗೆ ಕಡ್ಡಾಯ ಆದೇಶ ಬಂದಿದ್ದು ಆಗಸ್ಟ್ 28ಕ್ಕೆ. ಮರುದಿನ ಬೆಳಿಗ್ಗೆ ಹರಿಕೇನ್ ಬಂದೇಬಿಟ್ಟಿತು. ಕಾರೇ ಇಲ್ಲದವರು ಆ ಊರಿನಲ್ಲಿ ಹತ್ತಾರು ಸಾವಿರ ಇದ್ದರು. ನಾಯಿಯನ್ನು ಬಿಟ್ಟು ಬರಲಾರೆ ಅಂತ ಉಳಿದವರೂ ಇದ್ದರು. ಸುಮಾರು 1,400 ಜನ ಸತ್ತರು. ಮರುವರ್ಷವೇ, ರಕ್ಷಣೆಯ ಯೋಜನೆಯಲ್ಲಿ ಸಾಕುಪ್ರಾಣಿಗಳನ್ನೂ ಸೇರಿಸಬೇಕು ಅಂತ ಕಾನೂನು ಬಂತು.

ಹೆಜ್ಜೆ 5: ದೂರ ಓಡಬೇಡಿ, ಎತ್ತರಕ್ಕೆ ಹೋಗಿ

ಕತ್ರಿನಾ ಬಂದು ನಾಲ್ಕು ವಾರ ತುಂಬುವ ಮೊದಲೇ ರೀಟಾ ಬಂತು. ಟಿ.ವಿ.ಯಲ್ಲಿ ಮುಳುಗಿದ ನ್ಯೂ ಆರ್ಲಿಯನ್ಸ್ ನೋಡಿದ್ದ ಹ್ಯೂಸ್ಟನ್ ಕಡೆಯ 25 ಲಕ್ಷ ಜನ ಒಟ್ಟಿಗೆ ರಸ್ತೆಗಿಳಿದರು. ಹೊರಡಿ ಅಂತ ಯಾರೂ ಹೇಳದ ಜಾಗದವರೂ ಹೊರಟಿದ್ದರು. ಡಲ್ಲಾಸ್‌ಗೆ ನಾಲ್ಕು ಗಂಟೆಯ ದಾರಿ ಇಪ್ಪತ್ತು ಗಂಟೆ ದಾಟಿತು. ಸುಡುವ ಬಿಸಿಲು, ಪೆಟ್ರೋಲ್ ಮುಗಿದು ನಿಂತ ಕಾರುಗಳು. ವೃದ್ಧಾಶ್ರಮದವರನ್ನು ಕರೆದೊಯ್ಯುತ್ತಿದ್ದ ಬಸ್ಸಿಗೆ ಬೆಂಕಿ ಬಿದ್ದು 23 ಜನ ಸತ್ತರು. ಕೊನೆಗೆ ರೀಟಾ ಹ್ಯೂಸ್ಟನ್ ಬಿಟ್ಟು ಪೂರ್ವಕ್ಕೆ ಹೊರಳಿತು. ಅದರ ಗಾಳಿ ಮಳೆಗಿಂತ ಆ ಓಟದಲ್ಲೇ ಸತ್ತವರು ಜಾಸ್ತಿ. ಆ ನೆನಪು ಎಷ್ಟು ಆಳವಾಗಿತ್ತೆಂದರೆ, 2017ರಲ್ಲಿ ಹಾರ್ವಿ ಬಂದಾಗ ಹ್ಯೂಸ್ಟನ್ ನಗರ ಜನರನ್ನು ಹೊರಡಿಸಲೇ ಇಲ್ಲ.

ವಲಯದ ಹೊರಗಿರುವವರು ಸುಮ್ನೆ ರಸ್ತೆಗಿಳಿದರೆ ನಿಜವಾಗಿ ಹೊರಡಬೇಕಾದವರ ದಾರಿ ಕಟ್ಟುತ್ತದೆ. ಹೊರಡಬೇಕಾದವರೂ ನೂರಾರು ಮೈಲಿ ಹೋಗಬೇಕಿಲ್ಲ. 30–40 ಕಿ.ಮೀ. ಒಳಗೆ, ವಲಯದ ಹೊರಗೆ, ಗಟ್ಟಿ ಮನೆಯಲ್ಲಿ ಗೆಳೆಯರಿದ್ದರೆ ಸಾಕು. ಕನ್ನಡ ಕೂಟದ ಪರಿಚಯ ಇಂಥ ಹೊತ್ತಿಗೆ ನೆರವಾಗುತ್ತದೆ. ಜೂನ್‌ನಲ್ಲೇ ಕೇಳಿಟ್ಟುಕೊಳ್ಳಿ: ‘ಹರಿಕೇನ್ ಬಂದರೆ ನಾಲ್ಕು ಜನ ಬರಬಹುದಾ?’ ಯಾರೂ ಇಲ್ಲದಿದ್ದರೆ ಕೌಂಟಿಯ ಆಶ್ರಯ ಕೇಂದ್ರವಿದೆ, ಸಾಮಾನ್ಯವಾಗಿ ಶಾಲೆಗಳಲ್ಲಿ. ಹಾಸಿಗೆ, ಹೊದಿಕೆ ನೀವೇ ಒಯ್ಯಬೇಕು. ಆಕ್ಸಿಜನ್, ಡಯಾಲಿಸಿಸ್ ಬೇಕಾದವರು ಫ್ಲೋರಿಡಾದಲ್ಲಿ ಮೊದಲೇ ಹೆಸರು ನೋಂದಾಯಿಸಿದರೆ ಅವರಿಗೆ ಬೇರೆ ವ್ಯವಸ್ಥೆ ಇರುತ್ತದೆ.

ಹೆಜ್ಜೆ 6: ಚೀಲ

ಪಾಸ್‌ಪೋರ್ಟ್, ವೀಸಾ ಒಪ್ಪಿಗೆಯ ಐ–797 ಪತ್ರ, ಮಕ್ಕಳ ಜನನ ಪ್ರಮಾಣಪತ್ರ, ವಿಮೆ ಕಾಗದ. ಎಲ್ಲ ನೀರು ಹೋಗದ ಕವರಿನಲ್ಲಿ. ವೀಸಾ ಮೇಲೆ ಇರುವವರಿಗೆ ಈ ಕಾಗದ ನೆನೆದರೆ ತಿಂಗಳುಗಟ್ಟಲೆ ಪಾಡು. ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ ಅವರ ಬಿ.ಪಿ., ಸಕ್ಕರೆ ಮಾತ್ರೆ ಎರಡು ವಾರಕ್ಕೆ ಆಗುವಷ್ಟು. ನಗದು, ಏಕೆಂದರೆ ಕರೆಂಟ್ ಹೋದರೆ ಕಾರ್ಡ್ ನಡೆಯುವುದಿಲ್ಲ. ತಲೆಗೆ ದಿನಕ್ಕೆ ನಾಲ್ಕು ಲೀಟರ್ ನೀರು. ಒಲೆ ಬೇಡದ ತಿಂಡಿ ನಮಗೇನು ಕಡಿಮೆ? ಅವಲಕ್ಕಿ, ಹುರಿಗಡಲೆ, ಚಟ್ನಿಪುಡಿ, ಕೋಡುಬಳೆ. ಕಾರಿನ ಟ್ಯಾಂಕ್ ಹರಿಕೇನ್ ಕಾಲದಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯದಿರಲಿ.

ಹೆಜ್ಜೆ 7: ಉಳಿದರೆ

ಕಿಟಕಿಯಿಲ್ಲದ ಒಳಕೋಣೆ ಆರಿಸಿಕೊಳ್ಳಿ. ಕಿಟಕಿ ಗಾಜಿಗೆ ಟೇಪ್ ಅಂಟಿಸುವುದರಿಂದ ಏನೂ ಪ್ರಯೋಜನವಿಲ್ಲ, ಮರದ ಹಲಗೆ ಅಥವಾ ಷಟರ್ ಬೇಕು. ನಡುವೆ ಗಾಳಿ ಪೂರ್ತಿ ನಿಂತು ಆಕಾಶ ತಿಳಿಯಾದರೆ ಹೊರಗೆ ಹೋಗಬೇಡಿ. ಅದು ಹರಿಕೇನ್‌ನ ಕಣ್ಣು, ಇನ್ನರ್ಧ ಬಾಕಿ ಇದೆ. ಫೋನಿನ ಎಚ್ಚರಿಕೆಯನ್ನು ಆರಿಸಬೇಡಿ. ಮಿಲ್ಟನ್ ದಿನ, ಅದು ದಡ ಮುಟ್ಟಿದ ಜಾಗದಿಂದ ದೂರ, ಫ್ಲೋರಿಡಾದ ಇನ್ನೊಂದು ಬದಿಯ ಸೇಂಟ್ ಲೂಸಿ ಕೌಂಟಿಯಲ್ಲಿ ಸುಂಟರಗಾಳಿ ಎದ್ದು ಜನ ಸತ್ತರು.

ಜನರೇಟರ್ ಮನೆಯೊಳಗೆ, ಗ್ಯಾರೇಜಿನಲ್ಲಿ ಬೇಡವೇ ಬೇಡ. 20 ಅಡಿ ದೂರ, ಬಯಲಿನಲ್ಲಿಡಿ. ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಹರಿಕೇನ್ ಮುಗಿದ ಮೇಲೂ ಎಷ್ಟೋ ಸಲ ಇದರಿಂದ ಸಾವು ಆಗುತ್ತದೆ.

ಹೆಜ್ಜೆ 8: ಊರಿಗೆ ಸುದ್ದಿ, ಮನೆಗೆ ವಾಪಸ್

ಫ್ಲೋರಿಡಾದ ಬಹುಭಾಗ ಆ ತಿಂಗಳುಗಳಲ್ಲಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಇಲ್ಲಿನ ಮನೆಯವರಲ್ಲಿ ಒಬ್ಬರನ್ನೇ ಗೊತ್ತುಮಾಡಿ. ಅವರಿಗೆ ಮಾತ್ರ ಮೆಸೇಜ್ ಹೋಗಲಿ, ಉಳಿದವರಿಗೆ ಅವರು ಹೇಳಲಿ. ಟವರ್ ಸೋತಾಗ ಕರೆ ಹೋಗದಿದ್ದರೂ ಮೆಸೇಜ್ ಹೋಗುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ಇಲ್ಲಿರುವವರೂ ‘ಯಾಕೆ ಹೊರಟಿಲ್ಲ’ ಅಂತ ಕೇಳುವ ಬದಲು ‘ನಿಮ್ಮದು ಯಾವ ವಲಯ, ಎಷ್ಟು ಗಂಟೆಗೆ ಹೊರಡುತ್ತೀರಿ’ ಅಂತ ಕೇಳಿ.

ವಾಪಸ್ ಹೋಗುವುದು ಕೌಂಟಿ ಹೇಳಿದ ಮೇಲೆ. ನೀರು ನಿಂತ, ಹರಿಯುವ ರಸ್ತೆಯಲ್ಲಿ ಕಾರು ಓಡಿಸಬೇಡಿ, ಎರಡು ಅಡಿ ಹರಿವ ನೀರು ಕಾರನ್ನೇ ಎತ್ತಿಕೊಂಡು ಹೋಗುತ್ತದೆ. ಉಪ್ಪುನೀರಿನಲ್ಲಿ ಮುಳುಗಿದ ಎಲೆಕ್ಟ್ರಿಕ್ ಕಾರನ್ನು ಮನೆಯಿಂದ ದೂರ ಇಡಿಸಿ. ಇಯಾನ್, ಹೆಲೀನ್ ಆದ ಮೇಲೆ ಅಂಥ ಕಾರುಗಳಿಗೆ ಬೆಂಕಿ ಹತ್ತಿದ್ದಿದೆ. ಒಳಗೆ ನೀರು ಬಂದಿದ್ದರೆ, ಒಂದು ವಸ್ತುವನ್ನೂ ಎತ್ತಿ ಹೊರಗಿಡುವ ಮುಂಚೆ ಪ್ರತಿ ಕೋಣೆಯ, ಗೋಡೆಯ ಮೇಲೆ ನೀರು ನಿಂತ ಗುರುತಿನ ಫೋಟೋ ತೆಗೆದುಕೊಳ್ಳಿ. ವಿಮೆಯವರು ಮೊದಲು ಕೇಳುವುದು ಅದನ್ನೇ.